ನಾಲ್ಕು ಬೆರಳು ಖಾಲಿ

ನಮ್ಮವರು ತೀರಿಕೊಂಡು ಮೂರು ವಾರಕ್ಕೆ ಡಿಪೋದವರು ಒಂದು ಫಲಕ ಬರೆಸಿ ಲ್ಯಾಬಿನ ಬಾಗಿಲ ಪಕ್ಕ ಹಾಕಿದರು. ಅವರ ಫೋಟೋ, ಹುಟ್ಟಿದ ವರ್ಷ, ಕೆಲಸಕ್ಕೆ ಸೇರಿದ ವರ್ಷ. ಕೆಳಗೆ ಒಂದು ಸಾಲು: ‘ಇಡೀ ಸೇವೆಯಲ್ಲಿ ಇವರು ತೆಗೆದ ಒಂದು ಸ್ಯಾಂಪಲ್ಲೂ ತಪ್ಪಾಗಲಿಲ್ಲ.’

ನನ್ನನ್ನು ಕರೆಸಿ ತೋರಿಸಿದರು. ನಿಂತು ಓದಿದೆ. ನಾನು ಓದುವುದು ನಿಧಾನ, ಆದರೆ ಓದುತ್ತೇನೆ. ಆ ಸಾಲು ಸುಳ್ಳು. ಒಂದು ತಪ್ಪಾಗಿತ್ತು. ಆ ಒಂದನ್ನು ಬರೆಯುವುದಕ್ಕೆಂದೇ ಮಗಳ ಹಳೆಯ ನೋಟ್‌ಬುಕ್ ಹಿಡಿದು ಕೂತಿದ್ದೇನೆ.

ಡಿಪೋ ಎಂದರೆ ಪೆಟ್ರೋಲ್ ತುಂಬಿಡುವ ಜಾಗ. ನಮ್ಮ ಓಣಿಯ ಹಿಂದೆಯೇ ಇದೆ. ಕೊನೆಯ ಮನೆಯ ಗೋಡೆಯಾಚೆ ಸ್ವಲ್ಪ ಬಯಲು, ಬಯಲಿನಾಚೆ ತಂತಿ ಬೇಲಿ, ಬೇಲಿಯಾಚೆ ಟ್ಯಾಂಕುಗಳು. ದುಂಡಗೆ, ಬೆಳ್ಳಗೆ, ಮೂರು ಮಹಡಿ ಎತ್ತರ. ಒಟ್ಟು ಒಂಬತ್ತು. ಟ್ಯಾಂಕಿನ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿ, ಮೇಲಿನ ಮುಚ್ಚಳ ತೆರೆದು, ಒಳಗಿನ ಪೆಟ್ರೋಲನ್ನು ಬಾಟಲಿಗೆ ತೆಗೆದು ಲ್ಯಾಬಿಗೆ ಕೊಡುವುದು ನಮ್ಮವರ ಕೆಲಸ. ಲ್ಯಾಬ್ ಸರಿ ಎಂದರೆ ಲಾರಿಗಳು ತುಂಬಿಕೊಂಡು ಹೊರಡುತ್ತವೆ. ಇಲ್ಲವಾದರೆ ನಿಲ್ಲುತ್ತವೆ. ಡಿಪೋದಲ್ಲಿ ಎಲ್ಲರೂ ಅವರನ್ನು ಬಾಟಲಿಯಣ್ಣ ಎನ್ನುತ್ತಿದ್ದರು. ಮದುವೆಯ ಮಾತು ನಡೆಯುವಾಗ ಈ ಹೆಸರು ನಮ್ಮಪ್ಪನ ಕಿವಿಗೆ ಬಿದ್ದು, ಅವರು ಎದ್ದು ಹೊರಟೇಬಿಟ್ಟಿದ್ದರು. ಹುಡುಗ ಒಂದು ತೊಟ್ಟೂ ಮುಟ್ಟುವವನಲ್ಲ ಎಂದು ನಂಬಿಸಲು ನಮ್ಮ ಸೋದರಮಾವನಿಗೆ ಅರ್ಧ ದಿನ ಬೇಕಾಯಿತು.

ಬಾಟಲಿ ತುಂಬುವುದಕ್ಕೂ ಒಂದು ಕ್ರಮವಿದೆ. ಹಿತ್ತಾಳೆಯ ಪಂಜರದಲ್ಲಿ ಬಾಟಲಿ ಕೂರಿಸಿ, ಸರಪಳಿ ಕಟ್ಟಿ ಟ್ಯಾಂಕಿನೊಳಕ್ಕೆ ಇಳಿಸುತ್ತಾರೆ. ಮೇಲೆಳೆದು, ಬಂದ ಪೆಟ್ರೋಲಿನಿಂದಲೇ ಬಾಟಲಿ ತೊಳೆದು ಚೆಲ್ಲುತ್ತಾರೆ. ಹೀಗೆ ಮೂರು ಸಲ. ನಾಲ್ಕನೆಯದು ನಿಜವಾದ ಸ್ಯಾಂಪಲ್. ಅದನ್ನೂ ಬಾಯಿ ಮಟ್ಟ ತುಂಬುವಂತಿಲ್ಲ. ಮೇಲೆ ನಾಲ್ಕು ಬೆರಳು ಖಾಲಿ ಬಿಡಬೇಕು. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ಬಾಟಲಿ ಒಡೆಯುತ್ತದೆ. ಯಾವಾಗಲೂ ಎರಡು ಬಾಟಲಿ. ಒಂದು ಲ್ಯಾಬಿಗೆ, ಇನ್ನೊಂದು ಜೋಪಾನಕ್ಕೆ. ನಾಳೆ ಜಗಳ ಬಂದರೆ ಜೋಪಾನದ್ದನ್ನು ತೆರೆಯುತ್ತಾರೆ.

ಈ ಕ್ರಮ ಡಿಪೋದಲ್ಲೇ ಉಳಿಯಲಿಲ್ಲ. ನಮ್ಮ ಮನೆಗೂ ಬಂತು. ಅವರು ತುಂಬಿದ್ದು ಯಾವುದೂ ತುಂಬಿರುತ್ತಿರಲಿಲ್ಲ. ಲೋಟ, ಬಕೆಟ್ಟು, ಮಗಳ ಹಾಲಿನ ಬಾಟಲಿ, ನನ್ನ ಎಣ್ಣೆ ಡಬ್ಬ, ಎಲ್ಲಕ್ಕೂ ನಾಲ್ಕು ಬೆರಳು ಕಡಿಮೆ. ನಾನು ಕೈಪಂಪಿನಿಂದ ನೀರು ಹೊತ್ತು ಬೆಳೆದವಳು. ಕೊಡ ತುಂಬದೆ ಹೊರಟರೆ ಇನ್ನೊಂದು ಸಲ ನಡೆಯಬೇಕು. ಅಂಚಿಗೆ ತುಂಬಿಯೇ ನನಗೆ ಅಭ್ಯಾಸ. ಈ ವಿಷಯಕ್ಕೆ ನಮ್ಮಲ್ಲಿ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ. ತುಂಬಿದ ಕೊಡ ತುಳುಕಲ್ಲ ರೀ ಎಂದರೆ, ತುಂಬಿದ ಬಾಟಲಿ ಒಡೆಯುತ್ತೆ ಕಣೇ ಎನ್ನುತ್ತಿದ್ದರು. ನೀರಿಗೆ ಬೆಂಕಿ ಹತ್ತಿದ್ದು ಎಲ್ಲಿ ನೋಡಿದ್ದೀರಿ ಎಂದರೆ ನಗುತ್ತಿದ್ದರು. ನಕ್ಕು ಮತ್ತೆ ನಾಲ್ಕು ಬೆರಳು ಬಿಟ್ಟೇ ತುಂಬುತ್ತಿದ್ದರು.

ಅವರು ನಿವೃತ್ತರಾಗುವುದಕ್ಕೆ ನಾಲ್ಕೈದು ವರ್ಷ ಮುಂಚೆ ಏಳನೇ ಟ್ಯಾಂಕಿಗೆ ಹೊಸ ಸರಕು ಬಂತು. ಅದರ ಹೆಸರು ಈಥರ್. ಪೆಟ್ರೋಲಲ್ಲ, ಪೆಟ್ರೋಲಿಗೆ ಬೆರೆಸುವುದು. ಗಿಡದಿಂದ ತೆಗೆದ ಸ್ಪಿರಿಟ್ಟನ್ನೂ ರಿಫೈನರಿಯ ಒಂದು ಗ್ಯಾಸನ್ನೂ ಕೂಡಿಸಿ ಮಾಡುತ್ತಾರಂತೆ. ನೂರು ಪಾಲು ಪೆಟ್ರೋಲಿಗೆ ಇಷ್ಟು ಪಾಲು ಎಂದು ಹಾಕಿದರೆ ಎಂಜಿನ್ನಿನಲ್ಲಿ ಚೆನ್ನಾಗಿ ಉರಿಯುತ್ತದೆ, ಹೊಗೆಯ ವಿಷ ಇಳಿಯುತ್ತದೆ. ಮೊದಲು ಬರೀ ಸ್ಪಿರಿಟ್ ಬೆರೆಸಿ ನೋಡಿದ್ದರು. ಅದು ಎಲ್ಲಿದ್ದರೂ ನೀರು ಎಳೆದುಕೊಳ್ಳುತ್ತದೆ, ಎಳೆದುಕೊಂಡು ಪೆಟ್ರೋಲ್ ಬಿಟ್ಟು ತಳಕ್ಕೆ ಹೋಗಿ ಕೂರುತ್ತದೆ. ಮುನಿಸಿಕೊಂಡ ಅಳಿಯನ ಹಾಗೆ ಎನ್ನುತ್ತಿದ್ದರು ಇವರು. ಈಥರ್ ಹಾಗಲ್ಲ, ಪೆಟ್ರೋಲಿನಲ್ಲಿ ಕೂಡಿಕೊಂಡು ಹೋಗುತ್ತದೆ.

ನನಗೆ ಅರ್ಥವಾಗುವ ಹಾಗೆ ಒಂದು ದಿನ ಹೇಳಿದರು. ‘ಒಲೆ ಹೊಗೆಯಾಡಿದ್ರೆ ನೀನು ಊದ್ತೀಯಲ್ಲ, ಯಾಕೆ? ಗಾಳಿ ಸಾಲದು ಅಂತ. ಈ ಈಥರ್ ತನ್ನ ಗಾಳೀನ ತಾನೇ ಕಟ್ಕೊಂಡು ಬರುತ್ತೆ. ಊದೋರು ಬೇಡ.’

ಅವರಿಗೆ ಅದರ ಮೇಲೆ ಒಂದು ಪ್ರೀತಿ ಇತ್ತು. ಕಾರಣ ಮಗಳು. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಶಾಲೆ ಇದ್ದದ್ದು ದೊಡ್ಡ ರಸ್ತೆಯ ಸಿಗ್ನಲ್ ಪಕ್ಕ. ಅವಳನ್ನು ಬಿಡಲು ಹೋದಾಗ ಇವರು ಅಲ್ಲೇ ನಿಂತು ಮೂಗೆತ್ತಿ ಗಾಳಿ ನೋಡುತ್ತಿದ್ದರು. ಇವಳು ಕೆಮ್ಮುವ ಹೊಗೆ ನಾನು ಸ್ಯಾಂಪಲ್ ತೆಗೆದು ಸಹಿ ಮಾಡಿ ಕಳಿಸಿದ ಪೆಟ್ರೋಲಿನದು ಎನ್ನುತ್ತಿದ್ದರು. ಈಥರ್ ಬರುವ ಹೊತ್ತಿಗೆ ಮಗಳು ಕಾಲೇಜು ಮುಗಿಸುತ್ತಿದ್ದಳು. ಉಬ್ಬಸ ಅರ್ಧ ಇಳಿದಿತ್ತು. ಆಮೇಲೆ ಪೂರ್ತಿ ಇಳಿಯಿತು. ವಯಸ್ಸಿಗೆ ಇಳಿಯಿತೋ ಬೇರೆ ಯಾವುದಕ್ಕೋ ನನಗೆ ಗೊತ್ತಿಲ್ಲ. ಇವರು ಅದನ್ನು ಈಥರಿನ ಪುಣ್ಯಕ್ಕೆ ಬರೆದರು.

ಈಗ ನೀರಿನ ವಿಷಯ.

ನಮ್ಮ ಓಣಿಯ ಕೊನೆಯ ಮನೆ ಒಬ್ಬ ಮುದುಕಿಯದು. ಅವಳ ಅಂಗಳದಲ್ಲಿ ಒಂದು ಕೈಪಂಪು. ನಲ್ಲಿಯ ನೀರು ಬಟ್ಟೆಗೆ, ಪಾತ್ರೆಗೆ. ಕುಡಿಯಲು ಮಾತ್ರ ಇಡೀ ಓಣಿಗೆ ಅವಳ ಪಂಪೇ. ಅದಕ್ಕೆ ಅವಳು ಬೀಗ ಹಾಕಿ ಕೀಲಿಯನ್ನು ಸೊಂಟದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಪಂಪಿನಜ್ಜಿ ಎಂದೇ ಅವಳ ಹೆಸರು. ಅವಳು ಬೈಯುವುದನ್ನು ಕೇಳಿಸಿಕೊಂಡೇ ನೀರು ಹಿಡಿಯಬೇಕು. ಆದರೆ ನೀರಿಗೆ ಯಾರ ಹತ್ತಿರವೂ ಏನೂ ಕೇಳಿದವಳಲ್ಲ.

ಒಂದು ಭಾನುವಾರ ಮಧ್ಯಾಹ್ನ ನಮ್ಮವರು ಊಟಕ್ಕೆ ಕೂತು, ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟರು. ನೀರಿಗೆ ಏನಾದರೂ ಹಾಕಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಲೋಟ ಯಾತರಲ್ಲಿ ತೊಳೆದೆ ಎಂದರು. ಇನ್ನೇನು, ಸೋಪಿನಲ್ಲಿ. ನಾನು ಮೂಸಿ ನೋಡಿದೆ. ನೀರಿನ ವಾಸನೆ ಬಿಟ್ಟು ಏನೂ ಇರಲಿಲ್ಲ. ಅವರು ಎದ್ದು ಅಜ್ಜಿಯ ಮನೆಗೆ ಹೋಗಿ, ಕೀಲಿ ಕೇಳಿ, ಪಂಪು ಹೊಡೆದು, ಅಂಗೈಯಲ್ಲಿ ಹಿಡಿದು ಮೂಸಿದರು. ವಾಪಸು ಬಂದು ಹೇಳಿದರು: ‘ಏಳನೇ ಟ್ಯಾಂಕು ಕಣೇ. ಏಳನೇ ಟ್ಯಾಂಕಿನ ಮುಚ್ಚಳ ತೆಗೆದ ಹಾಗಿದೆ.’

ಈಥರಿಗೆ ಒಂದು ಕೆಟ್ಟ ಗುಣ. ಮೇಲೆ ಗಾಳಿಗೆ ಒಳ್ಳೆಯದು ಮಾಡುವಂಥದ್ದು ಕೆಳಗೆ ಸೋರಿ ಮಣ್ಣಿಗಿಳಿದರೆ ನೀರಿನ ಜೊತೆ ಸೇರಿ ದೂರ ಹೋಗುತ್ತದೆ. ಸುಲಭಕ್ಕೆ ಬಿಡುವುದಿಲ್ಲ. ಕೊಳಗಕ್ಕೆ ಒಂದು ಹನಿ ಇದ್ದರೂ ಮೂಗು ಬಲ್ಲವರಿಗೆ ತಿಳಿಯುತ್ತದೆ. ಬಣ್ಣ ಬಳಿಯುವವರು ಕೈ ತೊಳೆಯುವ ಟರ್ಪೆಂಟೈನ್ ವಾಸನೆ, ಅದರ ಹಿಂದೆ ಸ್ವಲ್ಪ ಸಿಹಿ. ನನಗೆ ಆಮೇಲೆ ಗುರುತು ಸಿಕ್ಕಿತು.

ಪಂಪಿನಜ್ಜಿ ಸಿಟ್ಟಿಗೆದ್ದಳು. ಸಂಜೆ ನೀರು ಹಿಡಿಯಲು ಹೋದಾಗ ಎಲ್ಲರೆದುರಿಗೆ ನನ್ನನ್ನು ಹಿಡಿದುಕೊಂಡಳು. ‘ನಿನ್ನ ಗಂಡನ ಮೂಗಿಗೆ ನಿನ್ನ ಒಲೆ ಮೇಲೆ ಸೀದಿದ್ದು ಯಾವತ್ತೂ ಬಂದಿಲ್ಲ, ನನ್ನ ನೀರು ಬಂತಾ? ನನ್ನ ಗಂಡ ತೋಡಿಸಿದ ನೀರಮ್ಮ ಇದು. ಅವನು ಹೋಗಿ ಇಪ್ಪತ್ತು ವರ್ಷ, ಈ ನೀರಿನಲ್ಲಿ ಇವತ್ತಿಗೂ ಕೊಂಕು ತೆಗೆದವರಿಲ್ಲ.’

ನಾನೂ ಆವತ್ತು ಮನೆಗೆ ಬಂದು ನಮ್ಮವರನ್ನೇ ಬೈದೆ. ಊರ ಉಸಾಬರಿ ಯಾಕೆ ಎಂದೆ.

ಅವರು ಬೈಸಿಕೊಂಡರು. ಮುಂದಿನ ಶನಿವಾರ ಡಿಪೋದ ಎರಡು ಬಾಟಲಿ, ಹಿತ್ತಾಳೆ ಪಂಜರ, ಸರಪಳಿ ಎಲ್ಲ ತೆಗೆದುಕೊಂಡು ಅಜ್ಜಿಯ ಅಂಗಳಕ್ಕೆ ಹೋದರು. ಬಕೆಟ್ಟಿಗೆ ನೀರು ಹೊಡೆದರು. ಆ ಒಂದು ಮೊಳ ಎತ್ತರದ ಬಕೆಟ್ಟಿಗೆ ಪಂಜರ ಇಳಿಸಿ, ಸರಪಳಿ ಹಿಡಿದು, ಟ್ಯಾಂಕಿನ ಮೇಲೆ ನಿಂತ ಹಾಗೇ ಗಂಭೀರವಾಗಿ ನಿಂತರು. ಓಣಿಯ ಹೆಂಗಸರೆಲ್ಲ ನಕ್ಕರು. ಮೀನು ಬಿತ್ತಾ ಎಂದು ಯಾರೋ ಕೇಳಿದರು. ಅವರು ತಲೆಯೆತ್ತಲಿಲ್ಲ. ಮೂರು ಸಲ ತೊಳೆದು ಚೆಲ್ಲಿದರು. ನಾಲ್ಕನೆಯದನ್ನು ತುಂಬಿದರು, ನಾಲ್ಕು ಬೆರಳು ಬಿಟ್ಟು. ಚೀಟಿ ಬರೆದು ಅಂಟಿಸಿದರು. ಒಂದು ಬಾಟಲಿ ಲ್ಯಾಬಿಗೆ ಹೋಯಿತು. ಜೋಪಾನದ್ದು ನಮ್ಮ ಅಡುಗೆಮನೆಯ ಕಪಾಟಿಗೆ ಬಂತು.

ಲ್ಯಾಬಿನಲ್ಲಿ ಇದ್ದವರು ಒಬ್ಬರು ಮೇಡಂ. ನಮ್ಮವರಿಗಿಂತ ಹದಿನೈದು ವರ್ಷ ಚಿಕ್ಕವರು. ಓದಿದವರು, ಆದರೆ ಇವರ ಮಾತಿಗೆ ಬೆಲೆ ಕೊಡುತ್ತಿದ್ದರು. ಬಾಟಲಿ ಶನಿವಾರ, ಭಾನುವಾರ ಅಲ್ಲಿನ ಗೂಡಿನಲ್ಲಿ ಕೂತಿತ್ತು. ಸೋಮವಾರ ಮೇಡಂ ಯಂತ್ರಕ್ಕೆ ಹಾಕಿದರು. ಯಂತ್ರ ಏನೂ ಇಲ್ಲ ಎಂದಿತು. ಮೇಡಂ ಇವರನ್ನು ಕರೆದು ಕಾಗದ ತೋರಿಸಿದರು. ಇವರು ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದರಂತೆ.

ವಿಷಯ ಡಿಪೋ ಮ್ಯಾನೇಜರಿಗೆ ಹೋಯಿತು. ಆ ಮನುಷ್ಯ ಕೆಟ್ಟವನೆಂದು ನಾನು ಹೇಳುವುದಿಲ್ಲ. ತಮಾಷೆ ಮಾಡಿ ಮುಗಿಸುವವನು. ಎಲ್ಲರೆದುರಿಗೆ ಇವರ ಹೆಗಲ ಮೇಲೆ ಕೈಯಿಟ್ಟು ಹೇಳಿದನಂತೆ: ‘ಬಾಟಲಿಯಣ್ಣ, ಇಷ್ಟು ವರ್ಷ ಆವಿ ಕುಡಿದ ಮೂಗು. ಪಾಪ, ನಿಮಗಿಂತ ಮುಂಚೆ ಅದು ರಿಟೈರಾಗಿದೆ.’ ಎಲ್ಲರೂ ನಕ್ಕರು. ಇವರೂ ನಕ್ಕೆ ಎಂದರು ನನ್ನ ಹತ್ತಿರ. ನಗಲಿಲ್ಲ ಎಂದು ನನಗೆ ಗೊತ್ತು.

ಮಾರನೆಯ ದಿನ ರಜೆ ಹಾಕಿದರು. ಕೆಲಸಕ್ಕೆ ಸೇರಿದ ಮೇಲೆ ಜ್ವರವಿಲ್ಲದೆ ಹಾಕಿದ ಮೊದಲ ರಜೆ. ಬೆಳಗಿನ ತಿಂಡಿ ತಿನ್ನಲಿಲ್ಲ. ಅಡುಗೆಮನೆಗೆ ಬಂದು ಮಣೆ ಎಳೆದು ಗೋಡೆಗೆ ಮುಖ ಮಾಡಿ ಕೂತರು. ‘ಲೇ, ನನ್ನ ಮೂಗು ಹೋಗಿದ್ಯಾ ನೋಡು.’

ನಾನು ಮುಚ್ಚಳದ ಐದು ಲೋಟ ಇಟ್ಟೆ. ಒಂದರಲ್ಲಿ ನಲ್ಲಿ ನೀರು. ಒಂದರಲ್ಲಿ ಸೋಪಿನ ನೀರು. ಒಂದರಲ್ಲಿ ಒಂದೇ ಹನಿ ಸೀಮೆಎಣ್ಣೆ. ಒಂದರಲ್ಲಿ ಕಾಯಿಸಿ ಆರಿಸಿದ ನೀರು. ಕೊನೆಯದರಲ್ಲಿ ಆಗತಾನೆ ಪಂಪಿನಿಂದ ತಂದ ನೀರು. ಎಲ್ಲಾ ಅಂಚಿಗೆ ತುಂಬಿದ್ದೆ, ನನ್ನ ಅಭ್ಯಾಸ. ಅವರು ತಿರುಗಿ ಒಂದೊಂದೇ ಮುಚ್ಚಳ ತೆಗೆದು ಮೂಸಿ ಹೇಳಿದರು. ಎಲ್ಲ ಸರಿ. ಲೋಟ ಅದಲು ಬದಲು ಮಾಡಿದೆ. ಮತ್ತೆ ಸರಿ. ಮೂರನೆಯ ಸಲ ಮೋಸ ಮಾಡಿ ಎರಡರಲ್ಲಿ ಪಂಪಿನ ನೀರಿಟ್ಟೆ. ಅದನ್ನೂ ಹಿಡಿದರು. ‘ಇದೂ ಅದೇ. ಕಳ್ಳಿ.’

ಮೂಗು ನೆಟ್ಟಗಿತ್ತು. ಹಾಗಾದರೆ ಯಂತ್ರ ಯಾಕೆ ಇಲ್ಲ ಎಂದಿತು?

ಕಪಾಟಿನಿಂದ ಜೋಪಾನದ ಬಾಟಲಿ ತೆಗೆದರು. ಮುಚ್ಚಳ ಬಿಚ್ಚಿದಾಗ ನನ್ನ ಮೂಗಿಗೂ ಒಂದು ಎಳೆ ಬಂತು, ಟರ್ಪೆಂಟೈನಿನದು. ನೀರನ್ನು ಲೋಟಕ್ಕೆ ಬಗ್ಗಿಸಿ ಮೂಸಿದರು. ಇಲ್ಲ. ಇನ್ನೊಮ್ಮೆ ಮೂಸಿದರು. ಇಲ್ಲ. ಪಕ್ಕದಲ್ಲೇ ನಾನು ಅಂಚಿಗೆ ತುಂಬಿದ ಲೋಟವಿತ್ತು. ಅದರಲ್ಲಿ ಇದೆ. ಒಂದೇ ಪಂಪಿನ ನೀರು.

ಅವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ನಾನು ಜಾಣೆ ಎಂದಲ್ಲ. ಇಷ್ಟು ವರ್ಷ ಅದೇ ಜಗಳ ಆಡಿದವಳು, ಅದಕ್ಕೆ.

‘ನೀವು ಬಿಟ್ಟ ಆ ನಾಲ್ಕು ಬೆರಳಿಗೆ ಹೋಗಿ ಕೂತಿತ್ತು ರೀ’ ಎಂದೆ. ‘ಮುಚ್ಚಳ ತೆಗೆದ್ರಿ, ಹಾರಿಹೋಯ್ತು.’

ಅವರು ಬಾಟಲಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಬಾಟಲಿ ನೋಡಿದರು. ಮುಖದ ಮೇಲೆ ನಾನು ಹಿಂದೆ ಕಾಣದ ಒಂದು ಬಣ್ಣ ಬಂತು. ಪೆಟ್ರೋಲಿನಲ್ಲಿ ಈಥರ್ ಬಕೆಟ್ಟುಗಟ್ಟಲೆ ಇರುತ್ತದೆ. ಬಾಟಲಿಯ ಖಾಲಿಗೆ ಒಂದಿಷ್ಟು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನೀರಿನಲ್ಲಿ ಇದ್ದದ್ದೇ ಒಂದು ಚೂರು. ಬಕೆಟ್ಟಿಗೆ ಹೊಡೆದಾಗ ಅರ್ಧ ಹೋಯಿತು, ಮೂರು ಸಲ ತೊಳೆಯುವಾಗ ಇನ್ನಷ್ಟು, ಎರಡು ದಿನ ಕೂತಿದ್ದಾಗ ಆ ನಾಲ್ಕು ಬೆರಳಿಗೆ ಮತ್ತಷ್ಟು. ಯಂತ್ರಕ್ಕೆ ಕಾಣುವಷ್ಟು ಉಳಿಯಲಿಲ್ಲ. ಕೆಲಸ ಗೊತ್ತಿಲ್ಲದವರು ಯಾರಾದರೂ ಒಂದು ಹಳೆ ಬಾಟಲಿಯನ್ನು ಪಂಪಿನ ಬಾಯಿಗೆ ಹಿಡಿದು ತುಳುಕುವಷ್ಟು ತುಂಬಿ ಕೊಟ್ಟಿದ್ದರೆ ಯಂತ್ರ ಹಿಡಿಯುತ್ತಿತ್ತು. ಕೆಲಸ ಬಲ್ಲವರು ತೆಗೆದರು, ಅದಕ್ಕೇ ತಪ್ಪಿತು.

ಅವತ್ತೇ ಮೇಡಂ ಹತ್ತಿರ ಹೋದರು. ಮೇಡಂ ತಲೆಗೆ ಕೈಯಿಟ್ಟುಕೊಂಡು, ನಾನೂ ನೋಡಲಿಲ್ಲವಲ್ಲ, ನನಗೂ ಪೆಟ್ರೋಲಿನದೇ ಅಭ್ಯಾಸ ಎಂದರಂತೆ. ಆದರೆ ಡಿಪೋದಲ್ಲಿ ಒಂದು ನಿಯಮ. ಬೇಲಿಯ ಹೊರಗಿನ ಒಂದು ಜಾಗದ ಸ್ಯಾಂಪಲ್ ಸರಿ ಎಂದು ಬಂದರೆ ಒಂದು ವರ್ಷ ಅದನ್ನು ಮತ್ತೆ ನೋಡುವಂತಿಲ್ಲ. ನೋಡಬೇಕಾದರೆ ಮೊದಲನೆಯದನ್ನು ರದ್ದು ಮಾಡಬೇಕು. ರದ್ದು ಮಾಡಬೇಕಾದರೆ ತೆಗೆದವನೇ ಕೆಂಪು ಚೀಟಿ ಬರೆಯಬೇಕು, ಸ್ಯಾಂಪಲ್ ತಪ್ಪಾಗಿ ತೆಗೆದೆ ಎಂದು. ಕೆಂಪು ಚೀಟಿ ಬರೆದವನಿಗೆ ಆಮೇಲೆ ಟ್ಯಾಂಕು ಹತ್ತುವ ಅಧಿಕಾರ ಇಲ್ಲ. ಗೇಟಿಗೆ ಹಾಕುತ್ತಾರೆ. ನಮ್ಮವರ ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ಅಷ್ಟು ವರ್ಷದಲ್ಲಿ ಒಂದೂ ಕೆಂಪು ಚೀಟಿ ಇರಲಿಲ್ಲ.

ಚೀಟಿ ಮನೆಗೆ ತಂದರು. ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಪೆನ್ನಿಟ್ಟು, ಕೂತರು. ಬರೆಯಲಿಲ್ಲ.

ಆಗ ನಾನು ಹೇಳಿದ್ದನ್ನೂ ಬರೆಯುತ್ತೇನೆ. ಬೇಡ ಎಂದಿದ್ದೆ.

‘ಎರಡು ವರ್ಷ ಸುಮ್ಮನಿರಿ’ ಎಂದೆ. ‘ನಾವು ಆ ನೀರು ಬಿಟ್ರೆ ಆಯ್ತು. ಓಣಿಗೆ ಹೇಳಿದ್ದೀರಲ್ಲ. ಕೇಳದಿದ್ರೆ ಅವರ ಹಣೆಬರಹ.’

‘ಏನು ಹೇಳಿದ್ದೀನಿ? ಯಂತ್ರ ಇಲ್ಲ ಅಂದಮೇಲೆ ನನ್ನದು ಬರೀ ಬಾಯಿಮಾತು. ಆ ಮುದುಕಿ ನಾಳೆ ಬೆಳಗ್ಗೆ ಮೊದಲು ತನ್ನ ಮೊಮ್ಮಗಳಿಗೇ ಕುಡಿಸ್ತಾಳೆ. ಏನೂ ಇಲ್ಲ ಅಂತ ಬಾಟಲಿಯಣ್ಣನ ಸಹಿ ಇದೆಯಲ್ಲ, ಅಂತ.’

‘ಗೇಟಿನಲ್ಲಿ ಕೂತು ಏನು ಮಾಡ್ತೀರಿ ನೀವು?’

‘ಕೂತ್ಕೋತೀನಿ’ ಎಂದರು.

ಸೊಪ್ಪು ಬಿಡಿಸುವುದಿತ್ತು, ಹೋಗಿ ಬಿಡಿಸಿದೆ. ಬಂದು ನೋಡಿದಾಗ ಬರೆದಿದ್ದರು. ಎರಡೇ ಸಾಲು. ‘ನೀರಿನ ಸ್ಯಾಂಪಲನ್ನು ಪೆಟ್ರೋಲಿನ ಕ್ರಮದಲ್ಲಿ ತೆಗೆದಿದ್ದೇನೆ. ಕ್ರಮ ತಪ್ಪು, ತಪ್ಪು ನನ್ನದು.’ ಮೇಡಂ ಹೆಸರು ಎಲ್ಲೂ ಇರಲಿಲ್ಲ.

ಎರಡನೆಯ ಸಲ ಮೇಡಂ ತಾವೇ ಪಂಪಿಗೆ ಬಂದರು. ಕೆಂಪು ಚೀಟಿ ಬರೆದವರು ಬಾಟಲಿ ಮುಟ್ಟುವಂತಿಲ್ಲ. ನಮ್ಮವರು ದೂರ ಕೈಕಟ್ಟಿ ನಿಂತರು. ಯಾರು ತುಂಬುತ್ತೀರಿ ಎಂದು ಮೇಡಂ ಕೇಳಿದಾಗ ಇವರು ಗದ್ದದಿಂದ ನನ್ನ ಕಡೆ ತೋರಿಸಿದರು. ತುಂಬುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಮೇಡಂ ಎಂದರು. ನಾನು ಬಾಟಲಿಯನ್ನು ಪಂಪಿನ ಬಾಯಿಗೆ ತಾಗಿಸಿ ಹಿಡಿದೆ. ಮೇಡಂ ಮೆಲ್ಲಗೆ ಹೊಡೆದರು. ಉಕ್ಕಿ ಹರಿಯುವವರೆಗೆ ಬಿಟ್ಟು, ಹರಿಯುವಾಗಲೇ ಮುಚ್ಚಳ ತಿರುಗಿಸಿದೆ. ತಲೆಕೆಳಗು ಮಾಡಿ ತೋರಿಸಿದೆ. ಒಂದು ಗುಳ್ಳೆ ಇರಲಿಲ್ಲ. ಹೀಗೆ ಎರಡು. ಪಂಪಿನಜ್ಜಿ ಬಾಗಿಲಲ್ಲಿ ನಿಂತು, ಗಂಡ ಅಷ್ಟು ವರ್ಷ ಕಲಿತದ್ದನ್ನು ಹೆಂಡತಿ ಒಂದೇ ಗಳಿಗೆಯಲ್ಲಿ ಮಾಡಿದಳು ಎಂದು ಚುಚ್ಚಿದಳು. ನಮ್ಮವರು ಹೌದು ಅಜ್ಜಿ ಎಂದರು.

ಈ ಸಲ ಬಾಟಲಿಯನ್ನು ಐಸಿನಲ್ಲಿಟ್ಟು ಅವತ್ತೇ ನೋಡಿದರು. ಇತ್ತು. ಈಥರ್.

ಏಳನೇ ಟ್ಯಾಂಕು ಖಾಲಿ ಮಾಡಿ ನೆಲ ಅಗೆದರು. ನೆಲದೊಳಗಿನ ಪೈಪಿನ ಒಂದು ಕೀಲು. ಅಲ್ಲಿನ ರಬ್ಬರ್ ಬಳೆ ಹಳೆಯ ಪೆಟ್ರೋಲಿಗೆಂದು ಹಾಕಿದ್ದು. ಈಥರಿನಲ್ಲಿ ನೆನೆದು ಊದಿ ಮೆತ್ತಗಾಗಿ ಬಾಯಿ ಬಿಟ್ಟಿತ್ತು. ಹೊಸ ಸರಕು ಬಂದಾಗ ಎಲ್ಲ ಬಳೆ ಬದಲಾಯಿಸಿದ್ದರಂತೆ, ಆ ಒಂದು ಬಿಟ್ಟುಹೋಗಿತ್ತು. ಎಷ್ಟು ತಿಂಗಳು ತೊಟ್ಟಿಕ್ಕಿತೋ ಗೊತ್ತಿಲ್ಲ. ಕುಡಿದವರಿಗೆ ಏನಾಗುತ್ತದೆ ಎಂದು ಕೇಳಿದೆ. ಇಷ್ಟಕ್ಕೆ ಏನೂ ಆಗಲಿಕ್ಕಿಲ್ಲ, ಆದರೆ ಇದು ಕುಡಿಯುವ ನೀರಲ್ಲ ಎಂದರು ಮೇಡಂ. ಓಣಿಗೆ ಬೇರೆ ಕಡೆಯಿಂದ ಪೈಪು ಎಳೆದರು.

ಪಂಪು ನಿಲ್ಲಿಸಿದ ದಿನ ಪಂಪಿನಜ್ಜಿ ನಮ್ಮ ಮನೆಗೆ ಬಂದಳು. ಅಲ್ಲಿಯವರೆಗೆ ನಮ್ಮ ಹೊಸಿಲು ತುಳಿದವಳಲ್ಲ. ಪಂಪಿನ ಹಿಡಿಯನ್ನು ಕಳಚಿ ಹೆಗಲ ಮೇಲೆ ಹೊತ್ತು ತಂದಿದ್ದಳು. ನಮ್ಮವರ ಮುಂದೆ ಇಟ್ಟಳು. ‘ಇಟ್ಕೋಪ್ಪ. ನನ್ನ ಮನೇಲಿದ್ರೆ ಅಭ್ಯಾಸಕ್ಕೆ ಹೋಗಿ ಹೊಡೀತೀನಿ.’ ನೀರು ಕೊಟ್ಟೆ. ಲೋಟವನ್ನು ಮೂಗಿನ ಹತ್ತಿರ ಹಿಡಿದು ನೋಡಿಯೇ ಕುಡಿದಳು. ಆ ಹಿಡಿ ಇನ್ನೂ ನಮ್ಮ ಬಾಗಿಲ ಹಿಂದೆ ಇದೆ.

ಅವರ ಮಾತು ನಿಜವಾಯಿತು, ಆದರೂ ಗೇಟಿಗೆ ಹಾಕಿದರು. ನಿಯಮ ನಿಯಮವೇ. ಮ್ಯಾನೇಜರು ಈ ಸಲ ತಮಾಷೆ ಮಾಡಲಿಲ್ಲ. ಎರಡು ವರ್ಷ ಇವರು ಗೇಟಿನ ಗೂಡಿನಲ್ಲಿ ಕೂತು ಲಾರಿಯ ನಂಬರು ಬರೆದರು. ನಾನು ಬುತ್ತಿ ಕೊಡಲು ಹೋದಾಗ ಕೆಲವು ಸಲ ಅವರು ಟ್ಯಾಂಕುಗಳ ಕಡೆ ನೋಡುತ್ತಾ ಕೂತಿರುತ್ತಿದ್ದರು. ನನ್ನ ಕಾಲ ಸಪ್ಪಳ ಕೇಳಿದರೆ ರಸ್ತೆಯ ಕಡೆ ತಿರುಗುತ್ತಿದ್ದರು.

ಒಮ್ಮೆ ಕೇಳಿದೆ, ಆ ಈಥರಿನ ಮೇಲೆ ಸಿಟ್ಟಿಲ್ಲವಾ ಎಂದು. ಇವರು ಯೋಚಿಸಿ ಹೇಳಿದರು.

‘ಅದರ ಮೇಲೆ ಯಾಕೆ ಸಿಟ್ಟು? ಉರಿಯೋ ಕಡೆ ಹೋದ್ರೆ ಒಳ್ಳೇದು ಮಾಡುತ್ತೆ, ಸೋರಿ ಹೋದ್ರೆ ಕೆಟ್ಟದ್ದು ಮಾಡುತ್ತೆ. ದಾರಿ ಕಾಯಬೇಕಾದವರು ನಾವು. ಆ ಬಳೆ ಬಿಟ್ಟವನಿಗೂ ತನ್ನ ಕೆಲಸ ಚೆನ್ನಾಗಿ ಗೊತ್ತಿತ್ತು ಕಣೇ. ಹಳೇದು ಗೊತ್ತಿತ್ತು. ನನಗೂ ಹಳೇದೇ ಗೊತ್ತಿದ್ದಿದ್ದು.’

ಇದನ್ನು ನಾನು ಆಗಾಗ ನೆನೆಯುತ್ತೇನೆ. ಅವನ ತಪ್ಪು ಬೇರೆ, ನನ್ನ ತಪ್ಪು ಬೇರೆ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ.

ನಿವೃತ್ತರಾಗಿ ಹದಿನಾಲ್ಕು ತಿಂಗಳು ಇದ್ದರು. ಒಂದು ಬೆಳಗ್ಗೆ ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ಬಾಗಿಲು ತಳ್ಳಿದೆ. ಗೋಡೆಗೆ ಒರಗಿ ಕೂತಿದ್ದರು. ನಲ್ಲಿ ನಿಲ್ಲಿಸಿದ್ದರು. ಬಕೆಟ್ಟು ನಾಲ್ಕು ಬೆರಳು ಖಾಲಿ ಇತ್ತು. ಆ ನೀರನ್ನು ನಾನು ಎರಡು ದಿನ ಚೆಲ್ಲಲಿಲ್ಲ. ಮಗಳು ಬಂದು ಚೆಲ್ಲಿದಳು. ಪೆಟ್ರೋಲ್ ಆವಿ ಕುಡಿದೇ ಹೋದರಾ ಎಂದು ಎಲ್ಲರೂ ಕೇಳುತ್ತಾರೆ. ಡಾಕ್ಟರು ಹೃದಯ ಎಂದರು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಈಗ ಮನೆಯಲ್ಲಿ ಎಲ್ಲಾ ಅಂಚಿಗೆ ತುಂಬಿರುತ್ತದೆ. ಜಗಳ ಆಡುವವರಿಲ್ಲ.

ಫಲಕ ಓದಿದ ದಿನ ನಾನು ಏನೂ ಹೇಳದೆ ಮನೆಗೆ ಬಂದಿದ್ದೆ. ಸತ್ತವರನ್ನು ಹೊಗಳಿದ್ದಾರೆ, ಬಿಡು ಎಂದಳು ಮಗಳು. ಒಂದು ವಾರ ಬಿಟ್ಟೆ. ಎಂಟನೆಯ ದಿನ ಬಿಡಲಾಗಲಿಲ್ಲ. ಅವರ ಪೆಟ್ಟಿಗೆಯಲ್ಲಿ ಕೆಂಪು ಚೀಟಿಯ ನಕಲು ಇತ್ತು, ಅದನ್ನು ತೆಗೆದುಕೊಂಡು ಡಿಪೋಗೆ ಹೋದೆ. ಲ್ಯಾಬಿನಲ್ಲಿ ಅದೇ ಮೇಡಂ. ಕೂದಲು ಬೆಳ್ಳಗಾಗಿದೆ. ಆ ಸಾಲು ತೆಗೆಸಿ ಎಂದೆ.

ಅವರು ಗಾಬರಿಯಾದರು. ‘ಯಾಕಮ್ಮಾ? ಒಳ್ಳೇದನ್ನೇ ಬರೆಸಿದ್ದೀವಲ್ಲ. ಆ ಚೀಟಿ ವಿಷಯ ಹಾಕೋದು ಬೇಡ ಅಂತ ನಾನೇ ಹೇಳಿದೆ. ಅವರ ಹೆಸರಿಗೆ ಒಂದು ಕಲೆ ಯಾಕೆ ಅಂತ.’

‘ಅದು ಕಲೆಯಲ್ಲ ಮೇಡಂ’ ಎಂದೆ. ‘ಆ ಚೀಟಿ ಬರೀಬೇಡಿ ಅಂತ ನಾನೂ ಅಂದಿದ್ದೆ. ಆಗ ನನ್ನ ಮಾತು ಕೇಳದೆ ಬರೆದ್ರು. ಈಗ ನೀವೂ ನಾನೂ ಸೇರಿ ಅಳಿಸಿದ್ರೆ, ಅವರು ಆ ಗೇಟಿನಲ್ಲಿ ಎರಡು ವರ್ಷ ಯಾಕೆ ಕೂತಿದ್ರು?’

ಮೇಡಂ ಚೀಟಿ ತೆಗೆದುಕೊಂಡು ಓದಿದರು. ಎರಡೇ ಸಾಲು, ಆದರೂ ತುಂಬಾ ಹೊತ್ತು ಓದಿದರು. ‘ನನ್ನ ಹೆಸರು ಬರೀಲಿಲ್ಲ ಅವರು’ ಎಂದರು. ಇಲ್ಲ ಎಂದೆ. ಸ್ಟೂಲು ಎಳೆದು ಹತ್ತಿ ಫಲಕವನ್ನು ತಾವೇ ಇಳಿಸಿದರು.

ನಿನ್ನೆ ಬೋರ್ಡು ಬರೆಯುವವನು ಬಂದಿದ್ದ. ಹಳೆಯ ಸಾಲು ಕೆರೆದು ಹೊಸದು ಬರೆದ. ಮೇಡಂ ಹೇಳಿಕೊಟ್ಟದ್ದನ್ನು ನಾನು ಒಪ್ಪಿದ್ದೆ. ‘ಇವರ ಒಂದು ಸ್ಯಾಂಪಲ್ ತಪ್ಪಾಯಿತು. ತಪ್ಪು ಎಂದು ಇವರೇ ಹೇಳಿದರು. ಅದರಿಂದ ಓಣಿಯ ನೀರು ಉಳಿಯಿತು.’ ಉಳಿದದ್ದು ನೀರಲ್ಲ, ಜನ ಎಂದೆ ನಾನು. ಅದನ್ನು ತಿದ್ದಿದ.

ಬರೆದು ಮುಗಿಸಿ, ದೂರ ನಿಂತು ತಲೆ ವಾಲಿಸಿ ನೋಡಿದ. ‘ಅಮ್ಮಾ, ಅಕ್ಷರ ಸಣ್ಣದಾಯ್ತು, ಕೆಳಗೆ ಜಾಗ ಉಳೀತು. ಒಂದು ಹೂವೋ ಬಳ್ಳಿಯೋ ಎಳೆದುಬಿಡಲಾ?’

ಹತ್ತಿರ ಹೋಗಿ ಕೈಯಿಟ್ಟು ನೋಡಿದೆ. ನಾಲ್ಕು ಬೆರಳು ಇತ್ತು.

ಬೇಡಪ್ಪ, ಇರಲಿ ಬಿಡು ಎಂದೆ.